ಹಾಡು ಸಾವಿರ ಇವೆ, ಬೇಕಾದದ್ದು ಮಾತ್ರ ಸಿಗೋದಿಲ್ಲ

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಹಾಡಿನ ಫೈಲುಗಳ ಬಗ್ಗೆಯೇ ಇವೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆಯಿಂದ ಬಂದಿವೆ. ಹಾಗಾಗಿ ಈ ತಿಂಗಳ ಅಂಕಣ ಪೂರ್ತಿ ಅದಕ್ಕೇ. ಪ್ರಿಂಟರ್ ಕೆಟ್ಟವರು, ವೈಫೈ ಬರದವರು ಮುಂದಿನ ಸಂಚಿಕೆವರೆಗೆ ತಡೆದುಕೊಳ್ಳಿ.

ಬೆಳಗಾವಿಯ ಟಿಳಕವಾಡಿಯಿಂದ, ನಿವೃತ್ತ ಬ್ಯಾಂಕ್ ನೌಕರರು: ನನ್ನ ಹತ್ತಿರ ಹಿಂದೂಸ್ತಾನಿ, ಮರಾಠಿ ನಾಟ್ಯಸಂಗೀತ, ಹಳೆ ಕನ್ನಡ ಸಿನಿಮಾ ಹಾಡು ಎಲ್ಲ ಸೇರಿ ಒಂದು ಹಾರ್ಡ್ ಡಿಸ್ಕ್ ತುಂಬ ಇದೆ. ಮೊದಲು ವಿನ್ಆಂಪ್ ಬಳಸುತ್ತಿದ್ದೆ. ಈಗ ಮಗ ವಿಎಲ್‌ಸಿ ಹಾಕಿಕೊಟ್ಟಿದ್ದಾನೆ, ಆದರೆ ಅದರಲ್ಲಿ ಹುಡುಕೋದು ಕಷ್ಟ. ವಿಂಡೋಸ್ ಲ್ಯಾಪ್‌ಟಾಪಿಗೆ ಯಾವ ಸಾಫ್ಟ್‌ವೇರ್ ಒಳ್ಳೆಯದು?

ನೇರ ಉತ್ತರ ಬೇಕಾದರೆ ಮ್ಯೂಸಿಕ್‌ಬೀ. ಉಚಿತ, ವಿಂಡೋಸಿಗೆ ಮಾತ್ರ ಸಿಗುತ್ತದೆ, ದೊಡ್ಡ ಸಂಗ್ರಹವನ್ನು ಆರಾಮಾಗಿ ನಿಭಾಯಿಸುತ್ತದೆ. ಲ್ಯಾಪ್‌ಟಾಪ್ ಭಾಳ ಹಳೆಯದಾಗಿದ್ದರೆ ಫೂಬಾರ್2000 ಹಾಕಿ. ಅದು 2002ರಿಂದ ಇದೆ, ನೋಡಲು ಸಪ್ಪೆ, ಆದರೆ ಹಗುರ. ವಿಎಲ್‌ಸಿ ಕೆಟ್ಟದ್ದೇನಲ್ಲ, ಯಾವ ಫೈಲ್ ಕೊಟ್ಟರೂ ನುಡಿಸುತ್ತದೆ, ಆದರೆ ಅದು ನುಡಿಸೋದಕ್ಕೆ ಇರುವುದು, ಜೋಡಿಸಿಡೋದಕ್ಕೆ ಅಲ್ಲ. ವಿನ್ಆಂಪ್ 1997ರ ಸಾಮಾನು, 1999ರಲ್ಲಿ ಅದನ್ನು ಎಒಎಲ್ ಅನ್ನೋ ಅಮೆರಿಕದ ಕಂಪನಿ ಕೊಂಡಿತು, ಆಮೇಲೆ ಕೈ ಬದಲಾಗುತ್ತಲೇ ಹೋಯಿತು. ಅಭಿಮಾನಕ್ಕೆ ಇಟ್ಟುಕೊಳ್ಳುವುದಾದರೆ ಇಟ್ಟುಕೊಳ್ಳಿ.

ಆದರೆ ನಿಮ್ಮ ತೊಂದರೆ ಸಾಫ್ಟ್‌ವೇರಿನದಲ್ಲ ಅಂತ ನನ್ನ ಅನುಮಾನ. ನೀವು ಕಳಿಸಿದ ಫೋಟೋದಲ್ಲೇ ಕಾಣುತ್ತದೆ: ಒಂದು ಕಡೆ ‘ಕುಮಾರ ಗಂಧರ್ವ’, ಇನ್ನೊಂದು ಕಡೆ ‘ಪಂ. ಕುಮಾರ ಗಂಧರ್ವ’, ಮತ್ತೊಂದು ಕಡೆ ‘ಪಂಡಿತ್ ಕುಮಾರ್ ಗಂಧರ್ವ’, ಅದರ ಕೆಳಗೆ ದೇವನಾಗರಿಯಲ್ಲಿ ಇನ್ನೊಮ್ಮೆ. 1924ರಲ್ಲಿ ನಮ್ಮ ಸುಳೇಭಾವಿಯಲ್ಲಿ ಹುಟ್ಟಿದ ಒಬ್ಬರೇ ಗಾಯಕರು ನಿಮ್ಮ ಲ್ಯಾಪ್‌ಟಾಪಿನಲ್ಲಿ ನಾಲ್ಕು ಜನ ಆಗಿ ಕೂತಿದ್ದಾರೆ. ಇದಕ್ಕೆ ಮ್ಯೂಸಿಕ್‌ಬೀ ಏನು ಮಾಡಬೇಕು ಹೇಳಿ?

ಪ್ರತಿ ಹಾಡಿನ ಫೈಲಿನ ಒಳಗೇ ಟ್ಯಾಗ್ ಅಂತ ಒಂದು ಚೀಟಿ ಇರುತ್ತದೆ. ಹಾಡಿನ ಹೆಸರು, ಹಾಡಿದವರು, ಆಲ್ಬಮ್, ವರ್ಷ ಎಲ್ಲ ಅದರಲ್ಲೇ. ಸಾಫ್ಟ್‌ವೇರ್ ತೋರಿಸುವುದು ಆ ಚೀಟಿಯಲ್ಲಿ ಬರೆದದ್ದನ್ನೇ. ಚೀಟಿ ಸರಿ ಇದ್ದರೆ ನಾಳೆ ಸಾಫ್ಟ್‌ವೇರ್ ಬದಲಿಸಿದರೂ ನಿಮ್ಮ ಕೆಲಸ ಹಾಳಾಗುವುದಿಲ್ಲ. ಹಾಗಾಗಿ ಮೊದಲು ಎಂಪಿ3ಟ್ಯಾಗ್ ಅನ್ನೋ ಸಾಫ್ಟ್‌ವೇರ್ ಹಾಕಿಕೊಳ್ಳಿ. ವಿಂಡೋಸಿನಲ್ಲಿ ಅದೂ ಉಚಿತ. ನಾಲ್ಕೂ ಗಂಧರ್ವರನ್ನು ಒಟ್ಟಿಗೆ ಆರಿಸಿ, ಹೆಸರು ಒಂದೇ ಸಲ ಟೈಪ್ ಮಾಡಿ, ಸೇವ್ ಒತ್ತಿ. ಹೆಸರಿನ ಮುಂದೆ ಪಂಡಿತ್, ಉಸ್ತಾದ್, ವಿದುಷಿ ಯಾವುದೂ ಬೇಡ. ಗೌರವ ಮನಸ್ಸಿನಲ್ಲಿರಲಿ, ಟ್ಯಾಗಿನಲ್ಲಿ ಇದ್ದರೆ ಅರ್ಧ ಸಂಗ್ರಹ ‘ಪ’ ಅಕ್ಷರದ ಕೆಳಗೆ ಹೋಗಿ ಗುಡ್ಡೆ ಬೀಳುತ್ತದೆ.

ಹಿಂದೂಸ್ತಾನಿಗೆ ಇನ್ನೂ ಎರಡು ಮಾತು. ರಾಗ, ತಾಳ, ತಬಲಾ ಯಾರದು, ಹಾರ್ಮೋನಿಯಂ ಯಾರದು ಅಂತ ಬರೆಯಲು ಸಾಮಾನ್ಯ ಟ್ಯಾಗಿನಲ್ಲಿ ಖಾನೆಯೇ ಇಲ್ಲ, ಯಾಕೆಂದರೆ ಇದನ್ನು ಮಾಡಿದವರ ತಲೆಯಲ್ಲಿ ಇದ್ದದ್ದು ಮೂರು ನಿಮಿಷದ ಪಾಪ್ ಹಾಡು. ಆದರೆ ನಿಮ್ಮದೇ ಖಾನೆ ಸೇರಿಸಿಕೊಳ್ಳಬಹುದು. ಎಂಪಿ3ಟ್ಯಾಗ್, ಮ್ಯೂಸಿಕ್‌ಬೀ, ಫೂಬಾರ್ ಮೂರಕ್ಕೂ ಇದು ಬರುತ್ತದೆ. ‘ರಾಗ’ ಅಂತ ಒಂದು ಖಾನೆ ಮಾಡಿ ತುಂಬಿದರೆ ಯಮನ್ ಒತ್ತಿದಾಗ ನಿಮ್ಮಲ್ಲಿರುವ ಯಮನ್ ಎಲ್ಲ ಸಾಲಾಗಿ ಬಂದು ನಿಲ್ಲುತ್ತವೆ, ಯಾರು ಹಾಡಿದ್ದರೂ ಸರಿ. ಈ ಒಂದು ಸುಖಕ್ಕಾಗಿಯೇ ಒಂದು ವಾರ ಕೂತು ಕೆಲಸ ಮಾಡಬಹುದು ಅಂತೀನಿ ನಾನು. ಎರಡನೆಯದು, ನಿಧಾನಗತಿಯ ವಿಲಂಬಿತ್ ಒಂದು ಫೈಲ್, ವೇಗದ ದ್ರುತ್ ಇನ್ನೊಂದು ಫೈಲ್ ಆಗಿ ತುಂಡಾಗಿರುವ ಸೀಡಿಗಳು ಬಹಳ. ನಡುವೆ ಟಪ್ ಅಂತ ನಿಂತು ಮುಂದೆ ಹೋದರೆ ರಸಭಂಗ ಅಲ್ವಾ? ಮ್ಯೂಸಿಕ್‌ಬೀ, ಫೂಬಾರ್ ಎರಡೂ ಗ್ಯಾಪ್‌ಲೆಸ್ ಆಗಿ, ಅಂದರೆ ನಡುವೆ ಬಿಡುವಿಲ್ಲದೆ ನುಡಿಸುತ್ತವೆ.

ಸಿನಿಮಾ ಹಾಡಿಗೆ ಆಲ್ಬಮ್ ಅಂದರೆ ಸಿನಿಮಾದ ಹೆಸರು, ಆರ್ಟಿಸ್ಟ್ ಅಂದರೆ ಹಾಡಿದವರು, ಕಂಪೋಸರ್ ಅಂದರೆ ಸಂಗೀತ ನಿರ್ದೇಶಕರು. ಆಲ್ಬಮ್ ಆರ್ಟಿಸ್ಟ್ ಅನ್ನೋ ಖಾನೆ ಬೇರೆ ಇದೆ, ಅದನ್ನು ಖಾಲಿ ಬಿಡಬೇಡಿ. ಅಲ್ಲಿ ಸಂಗೀತ ನಿರ್ದೇಶಕರ ಹೆಸರನ್ನೇ ಎಲ್ಲ ಹಾಡಿಗೂ ಒಂದೇ ರೀತಿ ಹಾಕಿ. ಇಲ್ಲದಿದ್ದರೆ ಆರು ಹಾಡಿನ ಸಿನಿಮಾ ಗಾಯಕರ ಲೆಕ್ಕದಲ್ಲಿ ನಾಲ್ಕು ಆಲ್ಬಮ್ ಆಗಿ ಒಡೆದು ಕಾಣುತ್ತದೆ.

ಜಮಖಂಡಿಯಿಂದ, ಪ್ರೌಢಶಾಲೆ ಶಿಕ್ಷಕಿ: ನನ್ನ ಹಾಡುಗಳ ಕನ್ನಡ ಹೆಸರು ಕೆಲವು ಕಡೆ ಚೌಕಚೌಕ, ಕೆಲವು ಕಡೆ ಪ್ರಶ್ನಾರ್ಥಕ ಚಿಹ್ನೆ, ಕೆಲವು ಕಡೆ ಏನೋ ವಿಚಿತ್ರ ಅಕ್ಷರ ಕಾಣುತ್ತದೆ. ಯಾಕೆ? ಸರಿ ಮಾಡಬಹುದಾ?

ಮೂರೂ ಬೇರೆ ಬೇರೆ ರೋಗ ಮೇಡಂ.

ಚೌಕ ಕಂಡರೆ ಗಾಬರಿ ಬೇಡ. ಫೈಲಿನಲ್ಲಿ ಕನ್ನಡ ಸರಿಯಾಗಿಯೇ ಇದೆ, ನುಡಿಸುವ ಯಂತ್ರದಲ್ಲಿ ಕನ್ನಡ ಫಾಂಟ್ ಇಲ್ಲ, ಅಷ್ಟೇ. ಅಗ್ಗದ ಸ್ಪೀಕರ್, ಕಾರಿನ ಸೆಟ್‌ಗಳಲ್ಲಿ ಇದು ಮಾಮೂಲು. ವಿಚಿತ್ರ ಅಕ್ಷರ, ಅಂದರೆ ಇಂಗ್ಲಿಷ್ ಅಕ್ಷರದ ತಲೆ ಮೇಲೆ ಚುಕ್ಕಿ, ಗೆರೆ ಇರುವಂಥದ್ದು ಕಂಡರೆ ಅದು ಯುನಿಕೋಡ್, ಅಂದರೆ ಎಲ್ಲ ಭಾಷೆಯ ಅಕ್ಷರಕ್ಕೂ ಒಂದೊಂದು ನಂಬರ್ ಕೊಡುವ ಪದ್ಧತಿ, ಬರುವ ಮುಂಚಿನ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ್ದು ಇರಬಹುದು. ಅದನ್ನು ಕಾಪಿ ಮಾಡಿ ಯುನಿಕೋಡ್ ಪರಿವರ್ತಕಕ್ಕೆ ಹಾಕಿದರೆ ಬಹಳಷ್ಟು ಸಲ ಮೂಲ ಕನ್ನಡ ವಾಪಸ್ ಸಿಗುತ್ತದೆ. ಪ್ರಶ್ನಾರ್ಥಕ ಚಿಹ್ನೆ ಮಾತ್ರ ಕೆಟ್ಟ ಸುದ್ದಿ. ಕನ್ನಡ ಗೊತ್ತಿಲ್ಲದ ಯಾವುದೋ ಸಾಫ್ಟ್‌ವೇರ್ ಅಕ್ಷರಗಳನ್ನು ಅಳಿಸಿ ಆ ಜಾಗದಲ್ಲಿ ಪ್ರಶ್ನೆ ಚಿಹ್ನೆಯನ್ನೇ ಬರೆದುಬಿಟ್ಟಿದೆ. ಅದು ಹೋದಂತೆಯೇ, ಕೇಳಿ ಗುರುತು ಹಿಡಿದು ಹೊಸದಾಗಿ ಟೈಪ್ ಮಾಡಬೇಕು.

ಮೂಲ ಕಾರಣ ಎಂಪಿ3ಯ ಹಳೆ ಟ್ಯಾಗ್. 1996ರಲ್ಲಿ ಬಂದ ಮೊದಲನೇ ಐಡಿ3 ಟ್ಯಾಗಿನಲ್ಲಿ ಫೈಲಿನ ಕೊನೆಗೆ ಬರೀ 128 ಬೈಟ್ ಜಾಗ, ಅದರಲ್ಲಿ ಹಾಡಿನ ಹೆಸರಿಗೆ 30 ಬೈಟ್. ಇಂಗ್ಲಿಷಿನಲ್ಲಾದರೆ 30 ಅಕ್ಷರ. ನಮ್ಮ ಕನ್ನಡಕ್ಕೆ ಯುಟಿಎಫ್-8ರಲ್ಲಿ (ಯುನಿಕೋಡ್ ಅಕ್ಷರಗಳನ್ನು ಫೈಲಿನಲ್ಲಿ ಬರೆದಿಡುವ ಒಂದು ರೀತಿ, ಯುಟಿಎಫ್-16 ಇನ್ನೊಂದು) ಒಂದೊಂದು ಅಕ್ಷರಕ್ಕೂ, ಗುಣಿತ ಚಿಹ್ನೆಗೂ 3 ಬೈಟ್ ಬೇಕು. ‘ಸ್ತ್ರೀ’ ಅಂತ ಒಂದು ಬರೆದರೆ 18 ಬೈಟ್ ಖಲಾಸ್. ಎರಡು ವರ್ಷ ಬಿಟ್ಟು ಬಂದ ಎರಡನೇ ತಲೆಮಾರಿನ ಐಡಿ3ಯಲ್ಲಿ ಈ ತೊಂದರೆ ಇಲ್ಲ. ಎಂಪಿ3ಟ್ಯಾಗ್ ಸೆಟ್ಟಿಂಗಿನಲ್ಲಿ ಐಡಿ3ವಿ2.3, ಯುಟಿಎಫ್-16 ಅನ್ನೋದನ್ನು ಆರಿಸಿ. ಹೊಸದು ಹಳೆಯದು ಎಲ್ಲ ಸಾಫ್ಟ್‌ವೇರುಗಳೂ ಹೆಚ್ಚುಕಡಿಮೆ ಅದನ್ನು ಓದುತ್ತವೆ.

ಇನ್ನೊಂದು, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಕನ್ನಡ, ಮರಾಠಿ, ಇಂಗ್ಲಿಷ್ ಮೂರು ಲಿಪಿಯ ಹೆಸರು ಇದ್ದರೆ ಪಟ್ಟಿಯಲ್ಲಿ ಸಾಮಾನ್ಯವಾಗಿ ಇಂಗ್ಲಿಷ್ ಮೊದಲು, ಆಮೇಲೆ ದೇವನಾಗರಿ, ಕನ್ನಡ ಕೊನೆಗೆ ಬರುತ್ತದೆ. ಯುನಿಕೋಡಿನಲ್ಲಿ ಇರುವ ಕ್ರಮವೇ ಹಾಗೆ, ಯಾರೂ ಬೇಕಂತ ಮಾಡಿದ್ದಲ್ಲ, ಬೆಳಗಾವಿಯವರು ಇದಕ್ಕೂ ಹೋರಾಟ ಶುರು ಮಾಡಬೇಡಿ. ಸಾರ್ಟ್ ಆರ್ಟಿಸ್ಟ್, ಸಾರ್ಟ್ ಟೈಟಲ್ ಅಂತ ಖಾನೆಗಳಿವೆ. ಅಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಹೆಸರು ಹಾಕಿದರೆ ಪರದೆ ಮೇಲೆ ಕನ್ನಡವೇ ಕಾಣುತ್ತದೆ, ಆದರೆ ಮೂರೂ ಲಿಪಿಯವು ಒಂದೇ ಅಕ್ಷರಮಾಲೆಯಲ್ಲಿ ಬೆರೆತು ನಿಲ್ಲುತ್ತವೆ.

ಮುಧೋಳದಿಂದ, ಟ್ರ್ಯಾಕ್ಟರ್ ಮಾಲೀಕರು: ಟ್ರ್ಯಾಕ್ಟರಿನ ಟೇಪಿಗೆ ಪೆನ್‌ಡ್ರೈವ್ ಹಾಕಿದರೆ ಹಾಡು ನಾವು ಜೋಡಿಸಿದ ಪ್ರಕಾರ ಬರೋದಿಲ್ಲ ರೀ. ಒಂದು ಹಾಡು ಜೋರು, ಇನ್ನೊಂದು ಕೇಳಿಸೋದೇ ಇಲ್ಲ. ಯಾವ ಆ್ಯಪ್ ಹಾಕಬೇಕು?

ಕಬ್ಬಿನ ಸೀಸನ್ ಶುರುವಾಗುವ ಮುಂಚೆ ಕೇಳಿದ್ದು ಒಳ್ಳೆಯದಾಯಿತು.

ಕ್ರಮದ ವಿಷಯ ಮೊದಲು. ಅಗ್ಗದ ಸೆಟ್‌ಗಳು ಟ್ಯಾಗೂ ನೋಡುವುದಿಲ್ಲ, ಎಷ್ಟೋ ಸಲ ಫೈಲಿನ ಹೆಸರೂ ನೋಡುವುದಿಲ್ಲ. ಪೆನ್‌ಡ್ರೈವಿಗೆ ಯಾವ ಫೈಲ್ ಮೊದಲು ಬಂತೋ ಅದನ್ನೇ ಮೊದಲು ನುಡಿಸುತ್ತವೆ. ಅದಕ್ಕೇ ನೀವು ಕಂಪ್ಯೂಟರಿನಲ್ಲಿ 01, 02 ಅಂತ ನಂಬರ್ ಕೊಟ್ಟು ಜೋಡಿಸಿದರೂ ಅದಕ್ಕೆ ಲೆಕ್ಕವಿಲ್ಲ. ಪರಿಹಾರ ಎರಡು. ಪೆನ್‌ಡ್ರೈವನ್ನು ಫ್ಯಾಟ್32 ಫಾರ್ಮ್ಯಾಟ್ ಮಾಡಿ ಹಾಡುಗಳನ್ನು ಬೇಕಾದ ಕ್ರಮದಲ್ಲೇ ಒಂದೊಂದಾಗಿ ಹಾಕುವುದು. ಇಲ್ಲವೇ ನಂಬರ್ ಕೊಟ್ಟು ಎಲ್ಲ ಒಮ್ಮೆಲೇ ಹಾಕಿ, ಆಮೇಲೆ ಡ್ರೈವ್‌ಸಾರ್ಟ್ ಅನ್ನೋ ಪುಟ್ಟ ಸಾಫ್ಟ್‌ವೇರಿನಿಂದ ಒಳಗಿನ ಕ್ರಮ ಸರಿಪಡಿಸುವುದು. ಎರಡನೆಯದೇ ಸಲೀಸು. ಫೈಲ್ ಹೆಸರು ಇಂಗ್ಲಿಷ್ ಅಕ್ಷರದಲ್ಲೇ ಇರಲಿ, ಆ ಸಣ್ಣ ಪರದೆಯಲ್ಲಿ ಕನ್ನಡ ಬರುವುದು ಅಪರೂಪ.

ಸದ್ದಿನ ವಿಷಯ. ಲ್ಯಾಪ್‌ಟಾಪಿನ ಪ್ಲೇಯರುಗಳಲ್ಲಿ ರೀಪ್ಲೇಗೇನ್ ಅಂತ ಇರುತ್ತದೆ. ಪ್ರತಿ ಹಾಡಿನ ಜೋರು ಎಷ್ಟು ಅಂತ ಅಳೆದು ಟ್ಯಾಗಿನಲ್ಲಿ ಬರೆದಿಟ್ಟು, ನುಡಿಸುವಾಗ ಏರಿಳಿಸಿ ಸಮ ಮಾಡುತ್ತದೆ. ನಿಮ್ಮ ಟ್ರ್ಯಾಕ್ಟರಿನ ಸೆಟ್ ಟ್ಯಾಗ್ ಓದುವುದೇ ಇಲ್ಲವಲ್ಲ, ಅಲ್ಲಿ ಇದು ನಡೆಯುವುದಿಲ್ಲ. ನಿಮಗೆ ಬೇಕಾದದ್ದು ಎಂಪಿ3ಗೇನ್. ಇದು ಎಂಪಿ3 ಫೈಲಿನ ಒಳಗಿರುವ ಸದ್ದಿನ ಮಟ್ಟದ ಅಂಕಿಯನ್ನೇ ಬದಲಿಸುತ್ತದೆ, ಒಂದು ಹೆಜ್ಜೆಗೆ 1.5 ಡೆಸಿಬಲ್. ಹಾಡನ್ನು ಬಿಚ್ಚಿ ಮತ್ತೆ ಕಟ್ಟುವುದಿಲ್ಲ, ಹಾಗಾಗಿ ಗುಣಮಟ್ಟ ಕೆಡುವುದಿಲ್ಲ, ಬೇಡ ಅನಿಸಿದರೆ ವಾಪಸ್ ಮೊದಲಿನಂತೆ ಮಾಡಬಹುದು. ಅದು ತಾನಾಗಿ ತೋರಿಸುವ ಗುರಿ 89 ಡೆಸಿಬಲ್. ಎಲ್ಲ ಹಾಡು ಹಾಕಿ ಅದೇ ಗುರಿಗೆ ಒತ್ತಿಬಿಡಿ. ಸದ್ದು ಕಡಿಮೆ ಆಯಿತು ಅನ್ನಿಸಿದರೆ ಸೆಟ್‌ನ ಗುಂಡಿ ತಿರುಗಿಸಿ, ಫೈಲಿನಲ್ಲಿ ಏರಿಸಲು ಹೋದರೆ ಒಡೆದು ಗರಗರ ಅನ್ನುತ್ತದೆ.

128 ಕೆಬಿಪಿಎಸ್ (ಸೆಕೆಂಡಿಗೆ 128 ಕಿಲೋಬಿಟ್) ಎಂಪಿ3 ಆದರೆ ನಿಮಿಷಕ್ಕೆ ಸುಮಾರು 1 ಎಂಬಿ. 32 ಜಿಬಿ ಪೆನ್‌ಡ್ರೈವಿನಲ್ಲಿ ನಾಲ್ಕು ನಿಮಿಷದ ಹಾಡು ಎಂಟು ಸಾವಿರದಷ್ಟು ಹಿಡಿಸುತ್ತವೆ. ಕಾರ್ಖಾನೆ ಮುಂದೆ ಎಷ್ಟು ಹೊತ್ತು ಪಾಳಿ ಕಾದರೂ ಮುಗಿಯುವುದಿಲ್ಲ. ರಾತ್ರಿ ಎರಡು ಗಂಟೆಗೆ ಊರೊಳಗೆ ಹಾಯುವಾಗ ಮಾತ್ರ ಸ್ವಲ್ಪ ಕಡಿಮೆ ಮಾಡಿ, ಈ ಅಂಕಣದ ಓದುಗರು ಬಹಳ ಜನ ರಸ್ತೆ ಬದಿಯಲ್ಲೇ ಮಲಗುತ್ತಾರೆ.

ಸಿಂದಗಿಯಿಂದ, ಭಜನಾ ಮಂಡಳಿಯ ಸದಸ್ಯರು: ನಮ್ಮ ಹಿರಿಯರು ಗೀಗೀ ಪದ, ತತ್ವಪದ, ಮೊಹರಂ ರಿವಾಯತ್ ಪದಗಳನ್ನು ಕ್ಯಾಸೆಟ್ಟಿನಲ್ಲಿ ರೆಕಾರ್ಡ್ ಮಾಡಿ ಇಟ್ಟಿದ್ದಾರೆ. ನೂರರಷ್ಟು ಕ್ಯಾಸೆಟ್ ಇವೆ. ಕಂಪ್ಯೂಟರಿಗೆ ಹಾಕಿ ಹೇಗೆ ಜೋಡಿಸಬೇಕು?

ಈ ತಿಂಗಳ ಎಲ್ಲ ಪ್ರಶ್ನೆಗಳಲ್ಲಿ ಇದೇ ನನಗೆ ಮುಖ್ಯ ಅನಿಸಿದ್ದು. ಸಿನಿಮಾ ಹಾಡು ಕಳೆದರೆ ಇನ್ನೊಂದು ಕಡೆ ಸಿಗುತ್ತದೆ, ನಿಮ್ಮ ಮಂಡಳಿಯ ಅಜ್ಜ ಹಾಡಿದ್ದು ಆ ಕ್ಯಾಸೆಟ್ ಬಿಟ್ಟು ಬೇರೆ ಎಲ್ಲೂ ಇಲ್ಲ. ದಯವಿಟ್ಟು ಈ ವರ್ಷವೇ ಶುರು ಮಾಡಿ.

ಟೇಪ್ ರೆಕಾರ್ಡರಿನ ಹೆಡ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಯಿಂದ ಒರೆಸಿಕೊಳ್ಳಿ. ಈಗಿನ ಲ್ಯಾಪ್‌ಟಾಪುಗಳಲ್ಲಿ ಸಾಮಾನ್ಯವಾಗಿ ಇರುವ ಒಂದೇ ತೂತು ಹೆಡ್‌ಫೋನ್ ಮತ್ತು ಮೈಕಿಗಾಗಿ ಇರುವುದು, ಅದಕ್ಕೆ ನೇರ ವೈರ್ ಸಿಕ್ಕಿಸಿದರೆ ಸದ್ದು ಒಡೆಯುತ್ತದೆ, ಸ್ಟೀರಿಯೋನೂ ಬರುವುದಿಲ್ಲ. ಲೈನ್-ಇನ್, ಅಂದರೆ ಟೇಪ್ ರೆಕಾರ್ಡರಿನಂಥ ಯಂತ್ರದ ಸದ್ದು ಒಳಗೆ ತೆಗೆದುಕೊಳ್ಳುವ ತೂತು, ಇರುವ ಯುಎಸ್‌ಬಿ ಸೌಂಡ್ ಕಾರ್ಡ್ ಒಂದು ಕೊಳ್ಳಿ. ರೆಕಾರ್ಡ್ ಮಾಡಲು ಆಡಾಸಿಟಿ ಸಾಕು, ಉಚಿತ. 44100 ಹರ್ಟ್ಜ್, 16 ಬಿಟ್ ಇಡಿ. ಕ್ಯಾಸೆಟ್ಟಿನ ಒಂದು ಬದಿ ಪೂರ್ತಿ ಒಂದೇ ಫೈಲ್ ಆಗಿ ಇಳಿಸಿಕೊಳ್ಳಿ, ಆಮೇಲೆ ಪ್ರತಿ ಪದ ಶುರುವಾಗುವ ಕಡೆ ಲೇಬಲ್ ಗುರುತು ಹಾಕಿದರೆ ಆಡಾಸಿಟಿಯೇ ಎಲ್ಲವನ್ನೂ ಬೇರೆ ಬೇರೆ ಫೈಲ್ ಮಾಡಿ ಕೊಡುತ್ತದೆ.

ಕಾಪಿಡುವ ಪ್ರತಿ ಫ್ಲ್ಯಾಕ್ ಆಗಿರಲಿ, ಎಂಪಿ3 ಅಲ್ಲ. ಎಂಪಿ3 ಜಾಗ ಉಳಿಸಲು ಸದ್ದಿನ ಒಂದಿಷ್ಟು ಭಾಗವನ್ನು ಶಾಶ್ವತವಾಗಿ ಬಿಸಾಕುತ್ತದೆ, ಫ್ಲ್ಯಾಕ್ ಏನನ್ನೂ ಬಿಸಾಕುವುದಿಲ್ಲ. ಒಂದು ಗಂಟೆಯ ಕ್ಯಾಸೆಟ್ ಹಾಗೇ ಇಟ್ಟರೆ 600 ಎಂಬಿ ಆಗುತ್ತದೆ, ನೂರಕ್ಕೆ 60 ಜಿಬಿ. ಫ್ಲ್ಯಾಕ್ ಮಾಡಿದರೆ ಅದಕ್ಕಿಂತಲೂ ಕಡಿಮೆ. ಈಗಿನ ಕಾಲಕ್ಕೆ ಅದೇನು ಜಾಸ್ತಿ ಅಲ್ಲ. ಹಂಚಲು, ಮೊಬೈಲಿಗೆ ಬೇಕಾದರೆ ಅದರಿಂದ ಎಂಪಿ3 ಮಾಡಿಕೊಳ್ಳಿ. ಗರಗರ ತೆಗೆಯುವ ಫಿಲ್ಟರ್ ಹಚ್ಚುವುದಿದ್ದರೂ ಆ ಎಂಪಿ3ಗೆ ಹಚ್ಚಿ, ಮೂಲ ಪ್ರತಿಯನ್ನು ಮುಟ್ಟಬೇಡಿ.

ಜೋಡಿಸುವಾಗ ಸಿನಿಮಾ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಆಲ್ಬಮ್ ಖಾನೆಯಲ್ಲಿ ಕ್ಯಾಸೆಟ್ಟಿನ ನಂಬರ್ ಮತ್ತು ಬದಿ ಬರೆಯಿರಿ, ಅದೇ ನಂಬರನ್ನು ಕ್ಯಾಸೆಟ್ಟಿನ ಮೇಲೂ ಪೆನ್ನಿನಲ್ಲಿ ಬರೆಯಿರಿ. ಆಲ್ಬಮ್ ಆರ್ಟಿಸ್ಟ್ ಅಂದರೆ ಮೇಳದ ಹೆಸರು, ಆರ್ಟಿಸ್ಟ್ ಅಂದರೆ ಮುಂದಾಳು ಹಾಡುಗಾರರು, ಜಾನರ್ ಅಂದರೆ ಗೀಗೀ, ರಿವಾಯತ್, ತತ್ವಪದ ಹೀಗೆ. ಎಲ್ಲಿ, ಯಾವ ಜಾತ್ರೆಯಲ್ಲಿ, ದಮ್ಮಡಿ ಯಾರು ಬಡಿದರು, ಹಿಮ್ಮೇಳ ಯಾರದು ಅಂತ ಕಾಮೆಂಟ್ ಖಾನೆಯಲ್ಲಿ ವಾಕ್ಯ ಮಾಡಿಯೇ ಬರೆಯಿರಿ. ಫ್ಲ್ಯಾಕಿನಲ್ಲಿ ಬೇಕಾದ ಹೆಸರಿನ ಖಾನೆ ಎಷ್ಟು ಬೇಕಾದರೂ ಮಾಡಬಹುದು. ಪಿಕಾರ್ಡ್ ಅನ್ನೋ ಸಾಫ್ಟ್‌ವೇರ್ ಹಾಡು ಕೇಳಿ ತಾನೇ ಟ್ಯಾಗ್ ತುಂಬುತ್ತದೆ ಅಂತ ಯಾರಾದರೂ ಹೇಳಿದರೆ, ಅದು ನಿಜವೇ, ಮ್ಯೂಸಿಕ್‌ಬ್ರೇನ್ಜ್ ಅನ್ನೋ ದೊಡ್ಡ ಪಟ್ಟಿಯ ಜೊತೆ ಹೋಲಿಸಿ ತುಂಬುತ್ತದೆ. ಬಿಡುಗಡೆಯಾದ ಸೀಡಿಗಳಿಗೆ ಸರಿ, ಆದರೆ ನಿಮ್ಮ ಊರಿನ ಪದ ಆ ಪಟ್ಟಿಯಲ್ಲಿ ಇರುವುದಿಲ್ಲ. ಆ ಧ್ವನಿಗಳನ್ನು ಗುರುತಿಸಬಲ್ಲ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಟ್ಯಾಗ್ ತುಂಬಿ, ಬೇರೆ ದಾರಿ ಇಲ್ಲ.

ಮುಗಿದ ಮೇಲೆ ಎರಡು ಡಿಸ್ಕಿನಲ್ಲಿ ಇಡಿ, ಎರಡೂ ಬೇರೆ ಬೇರೆ ಮನೆಯಲ್ಲಿ.

ಬೀಳಗಿಯಿಂದ: ನಮ್ಮೂರಿನ ಅಮೀರ್‌ಬಾಯಿ ಕರ್ನಾಟಕಿ ಅವರ ಹಳೆ ಹಾಡಿನ ಫೈಲುಗಳು ಇವೆ. ಎಲ್ಲ ‘ಅನ್‌ನೋನ್ ಆಲ್ಬಮ್’ ಅಂತ ಒಂದೇ ಕಡೆ ಬೀಳುತ್ತವೆ. ಏನು ಬರೆಯಲಿ?

ಆ ಕಾಲದ 78 ಆರ್‌ಪಿಎಂ ತಟ್ಟೆಯಲ್ಲಿ ಒಂದು ಬದಿಗೆ ಮೂರು ನಿಮಿಷದ ಆಸುಪಾಸು ಒಂದು ಹಾಡು, ಇಂದಿನ ಅರ್ಥದ ಆಲ್ಬಮ್ ಇರಲೇ ಇಲ್ಲ. ಸಿನಿಮಾ ಹಾಡಾಗಿದ್ದರೆ ಸಿನಿಮಾದ ಹೆಸರು ಹಾಕಿ. ಅಲ್ಲದಿದ್ದರೆ ಕಂಪನಿ ಮತ್ತು ತಟ್ಟೆಯ ನಂಬರನ್ನೇ ಆಲ್ಬಮ್ ಅಂತ ಬರೆಯಿರಿ, ಹಳೆ ತಟ್ಟೆ ಕೂಡಿಡುವವರು ಮಾತಾಡುವುದೇ ಆ ನಂಬರಿನಲ್ಲಿ. ವರ್ಷ ಗೊತ್ತಿಲ್ಲದಿದ್ದರೆ ಖಾನೆ ಖಾಲಿ ಬಿಡಿ, ಸುಮ್ನೆ ಅಂದಾಜು ತುಂಬಬೇಡಿ. ಒಮ್ಮೆ ತುಂಬಿದ ಅಂದಾಜು ಹತ್ತು ಜನರ ಕೈ ದಾಟುವಷ್ಟರಲ್ಲಿ ಇತಿಹಾಸ ಆಗಿಬಿಡುತ್ತದೆ.

ಇಳಕಲ್ಲಿನಿಂದ: ಹೊಸ ಲ್ಯಾಪ್‌ಟಾಪಿಗೆ ಹಾಡೆಲ್ಲ ಸಾಗಿಸಿದೆ. ಹಾಡು ಬಂದವು, ಪ್ಲೇಲಿಸ್ಟ್ ಎಲ್ಲ ಖಾಲಿ. ಕೊಟ್ಟಿದ್ದ ಸ್ಟಾರುಗಳೂ ಇಲ್ಲ.

ಪ್ಲೇಲಿಸ್ಟ್ ಅಂದರೆ ಬರೀ ವಿಳಾಸಗಳ ಪಟ್ಟಿ. ಮೊದಲು ಹಾಡು ಡಿ ಡ್ರೈವಿನಲ್ಲಿ ಇದ್ದವು, ಈಗ ಇ ಡ್ರೈವಿನಲ್ಲಿ ಇವೆ, ಪಟ್ಟಿ ಇನ್ನೂ ಡಿ ಬಾಗಿಲನ್ನೇ ಬಡಿಯುತ್ತಿದೆ. ಪ್ಲೇಲಿಸ್ಟ್ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಡ್ರೈವಿನ ಅಕ್ಷರವನ್ನು ಒಮ್ಮೆಲೇ ಬದಲಿಸಿ ಸೇವ್ ಮಾಡಿದರೆ ಮುಗಿಯಿತು. ಮುಂದೆ ಪ್ಲೇಲಿಸ್ಟನ್ನು ಎಂ3ಯು8 ಅನ್ನೋ ಬಗೆಯ ಫೈಲ್ ಆಗಿ, ರಿಲೇಟಿವ್ ವಿಳಾಸದ (ಡ್ರೈವಿನ ಅಕ್ಷರ ಇಲ್ಲದೆ, ಪ್ಲೇಲಿಸ್ಟ್ ಇರುವ ಫೋಲ್ಡರಿನಿಂದಲೇ ದಾರಿ ಹೇಳುವ ವಿಳಾಸ) ಜೊತೆ ಎಕ್ಸ್‌ಪೋರ್ಟ್ ಮಾಡಿ ಹಾಡಿನ ಫೋಲ್ಡರಿನಲ್ಲೇ ಇಡಿ. ಕೊನೆಯ 8 ಅಂದರೆ ಯುಟಿಎಫ್-8, ಕನ್ನಡ ಹೆಸರಿನ ಫೈಲುಗಳಿಗೆ ಅದು ಬೇಕೇ ಬೇಕು. ಸ್ಟಾರುಗಳು ಹಳೆ ಸಾಫ್ಟ್‌ವೇರಿನ ಡೇಟಾಬೇಸಿನಲ್ಲೇ ಇರುತ್ತವೆ. ಹಳೆ ಲ್ಯಾಪ್‌ಟಾಪ್ ಮಾರಿಲ್ಲ ತಾನೇ? ಅದರಲ್ಲಿ ಹಾಡಿನ ಫೈಲುಗಳು ಇನ್ನೂ ಇದ್ದರೆ, ರೇಟಿಂಗ್ ಫೈಲಿಗೇ ಬರೆ ಅನ್ನೋ ಸೆಟ್ಟಿಂಗ್ ಇದೆಯಾ ನೋಡಿ, ಬರೆಸಿ, ಆಮೇಲೆ ಮತ್ತೆ ಸಾಗಿಸಿ.

ಇದೇ ಕಾರಣಕ್ಕೆ ಹೊಸ ಸಾಫ್ಟ್‌ವೇರ್ ಹಾಕಿದ ಕೂಡಲೇ ಸೆಟ್ಟಿಂಗ್ ನೋಡಿ ಅಂತೀನಿ. ಐಟ್ಯೂನ್ಸಿನಲ್ಲಿ ಹಾಡು ಸೇರಿಸುವಾಗ ತನ್ನ ಫೋಲ್ಡರಿಗೆ ಕಾಪಿ ಮಾಡಿಕೊಳ್ಳುವ ಆಯ್ಕೆ ಇದೆ. ಅದು ಆನ್ ಇದ್ದರೆ ಪ್ರತಿ ಹಾಡೂ ಎರಡೆರಡು ಆಗಿ ಡಿಸ್ಕ್ ತುಂಬುತ್ತದೆ. ಫೋಲ್ಡರನ್ನು ತಾನೇ ‘ಆರ್ಗನೈಸ್’ ಮಾಡುತ್ತೇನೆ ಅನ್ನುವ ಯಾವ ಆಯ್ಕೆ ಇದ್ದರೂ ಟ್ಯಾಗ್ ಸರಿಯಾಗುವವರೆಗೆ ಆಫ್ ಇರಲಿ.

ಗೋಕಾಕದಿಂದ, ವಿದ್ಯಾರ್ಥಿ: ಉಬುಂಟು ಮತ್ತು ಆಂಡ್ರಾಯ್ಡ್‌ಗೆ ಯಾವುದು? ಹಾಗೇ, ನನ್ನ ಎಂಪಿ3ಗಳನ್ನೆಲ್ಲ ಫ್ಲ್ಯಾಕಿಗೆ ಬದಲಿಸಿದರೆ ಸದ್ದು ಚೆನ್ನಾಗಿ ಬರುತ್ತದಾ?

ಉಬುಂಟುವಿಗೆ ಸ್ಟ್ರಾಬೆರಿ. ಅಮರಾಕ್ ಅನ್ನೋ ಹಳೆ ಪ್ಲೇಯರಿನಿಂದ ಕ್ಲೆಮೆಂಟೈನ್, ಕ್ಲೆಮೆಂಟೈನ್‌ನಿಂದ ಇದು ಹುಟ್ಟಿದ್ದು. ರೇಟಿಂಗನ್ನು ಫೈಲಿಗೇ ಬರೆಯುವ ಆಯ್ಕೆ ಇದರಲ್ಲಿದೆ. ಫೋನಿಗೆ ಮ್ಯೂಸಿಕೋಲೆಟ್ ಹಾಕು. ಇಂಟರ್ನೆಟ್ ಮುಟ್ಟುವುದಿಲ್ಲ, ಜಾಹೀರಾತಿಲ್ಲ, ಫೋಲ್ಡರ್ ಪ್ರಕಾರವೂ ತೋರಿಸುತ್ತದೆ, ಟ್ಯಾಗ್ ಅಲ್ಲೇ ತಿದ್ದಬಹುದು. ಫ್ಲ್ಯಾಕ್ ವಿಷಯ: ಇಲ್ಲ. ಎಂಪಿ3 ಮಾಡುವಾಗ ಬಿಸಾಕಿದ್ದು ವಾಪಸ್ ಬರುವುದಿಲ್ಲ, ಫೈಲಿನ ಗಾತ್ರ ಮಾತ್ರ ಉಬ್ಬುತ್ತದೆ.

ಬಸವನ ಬಾಗೇವಾಡಿಯಿಂದ: ಎಲ್ಲ ಹಾಡು ಆ್ಯಪಿನಲ್ಲೇ ಸಿಗುತ್ತವೆ. ಇಷ್ಟೆಲ್ಲ ತಲೆನೋವು ಯಾಕೆ?

ನಿಮಗೆ ಬೇಕಾದದ್ದೆಲ್ಲ ಅಲ್ಲೇ ಸಿಗುತ್ತಿದ್ದರೆ ಬೇಡವೇ ಬೇಡ, ಆರಾಮಾಗಿ ಕೇಳಿ. ಆದರೆ ಅಲ್ಲಿ ಡೌನ್‌ಲೋಡ್ ಅಂತ ಒತ್ತಿದ್ದು ಆ ಆ್ಯಪಿನ ಒಳಗೇ ಬೀಗ ಹಾಕಿ ಕೂತಿರುತ್ತದೆ, ಪೆನ್‌ಡ್ರೈವಿಗೆ ಬರುವುದಿಲ್ಲ. ಕಂಪನಿಗಳ ಒಪ್ಪಂದ ಮುಗಿದರೆ ನಿಮ್ಮ ಪಟ್ಟಿಯಿಂದ ಹಾಡು ಮಾಯವೂ ಆಗಬಹುದು. ಮುಧೋಳದವರ ಟ್ರ್ಯಾಕ್ಟರಿಗೂ ಸಿಂದಗಿಯವರ ಕ್ಯಾಸೆಟ್ಟಿಗೂ ಅಲ್ಲಿ ಉತ್ತರ ಇಲ್ಲ.